ಮೆಕ್ಯಾನಿಕ್ ಹೆಣೆದ ಸ್ವೆಟರ್

ನೋಡಿ, ಮೊದ್ಲೇ ಹೇಳ್ಬಿಡ್ತೀನಿ. ಗ್ಯಾರೇಜ್ ತುಂಬ ಜನ ನಿಂತಿರೋವಾಗ, ನಮ್ಮಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಒಂದು ಡೈಲಾಗ್ ಹೊಡೆದು ಹುಡುಗೀನ ಗೆದ್ದ ಗಂಡು ನಾನು. ನಂಬಲ್ವಾ? ಕೂತ್ಕೊಳ್ಳಿ.

ನಮ್ಮ ಗ್ಯಾರೇಜ್ ಮೇಲಿನ ರೂಮಲ್ಲಿ ಬಾಡಿಗೆಗಿದ್ದೋಳು ಅವಳು, ಕ್ರೋಶಾ ಕಡ್ಡೀಲಿ ಮಕ್ಕಳ ಬಟ್ಟೆ ಹೆಣೀತಿದ್ಲು. ಅಂಗೈಯಗಲ ಸ್ವೆಟರ್, ಹೆಬ್ಬೆರಳುದ್ದ ಸಾಕ್ಸ್. ಒಂದಿನ ಮೆಟ್ಟಿಲ ಮೇಲೆ ಹೆಣೀತಿದ್ದೋಳು ಫೋನ್ ತರೋಕೆ ಒಳಗೆ ಹೋದ್ಲು. ದಾರದ ತುದಿ ನೇತಾಡ್ತಿತ್ತು. ನನ್ನ ಕೈ ಸುಮ್ನಿರತ್ತಾ? ಮೆಲ್ಲಗೆ ಎಳೆದೆ. ಸರಸರ ಅಂತ ಒಂದಿಡೀ ತೋಳು ಬಿಚ್ಕೊಂಡು ಬಂತು.

ಬೈತಾಳೆ ಅಂದ್ಕೊಂಡೆ. ಒಂದು ಹುಬ್ಬು ಎತ್ತಿದ್ಲು. ತುಟಿ ಕಚ್ಚಿ ನಗು ತಡೆದು, ಕಡ್ಡೀನ ನನ್ನ ಕೈಗಿಟ್ಲು.

“ಬಿಚ್ಚಿದೋರೇ ಹಾಕ್ಬೇಕು.”

ಆವತ್ತಿಂದ ದಿನಾ ಊಟದ ಬಿಡುವಲ್ಲಿ ನಾನು ಮೇಲೆ. ನಟ್ಟು ತಿರುವಿ ರೂಢಿಯಾದ ಕೈ, ಒಂದೊಂದು ಕುಣಿಕೇನೂ ಜಗ್ಗಿ ಬಿಗೀತಿತ್ತು.

“ಇದು ಮಗು ಕತ್ತು ರೀ, ಚಕ್ರ ಅಲ್ಲ,” ಅಂತ ನನ್ನ ಬೆರಳು ಹಿಡಿದು ಸಡಿಲ ಮಾಡೋಳು. ಅವಳು ಕೈ ಬಿಟ್ಟ ಕೂಡ್ಲೆ ನಾನು ಮತ್ತೆ ಬಿಗಿಯೋನು.

ಮೂರು ತಿಂಗಳಲ್ಲಿ ‘ರೀ’ ಹೋಗಿ ‘ಲೋ’ ಬಂತು. ಹೇಳ್ಬೇಕಾದ್ದನ್ನ ಮಾತ್ರ ಇಬ್ರೂ ಹೇಳಿರ್ಲಿಲ್ಲ.

ಅಕ್ಕನ ಮಗೂಗೆ ಅಂತ ಹಳದಿ ಸ್ವೆಟರ್ ಮುಗಿಸಿದ ದಿನ ಅಪ್ಪನ ಕೈಗೆ ಸಿಕ್ಕಿಬಿದ್ದೆ. ಗ್ರೀಸ್ ಅಂಗಿ ತುಂಬ ಹಳದಿ ನವಿರು, ಜೇಬಲ್ಲಿ ಕಡ್ಡಿ. ಗಿರಾಕಿಗಳ ಮುಂದೇನೇ ಶುರುವಾಯ್ತು. ಹೆಂಗಸರ ಕೆಲಸ, ಮಾನ ಮರ್ಯಾದೆ, ತಾತ ಕಟ್ಟಿದ ಗ್ಯಾರೇಜು.

“ಇನ್ನೊಂದ್ಸಲ ಆ ಮೆಟ್ಟಿಲು ಹತ್ತಿದ್ರೆ, ಈ ಶಟರ್ ಒಳಗೆ ಕಾಲಿಡ್ಬೇಡ.”

ಆಗ ಹೊಡೆದೆ ನೋಡಿ ಡೈಲಾಗ್. “ಅಪ್ಪಾ, ಈ ಕೈ ಸ್ಪ್ಯಾನರ್ ಹಿಡಿದ್ರೆ ಎಂಜಿನ್ ಎದ್ದೇಳತ್ತೆ. ಕಡ್ಡಿ ಹಿಡಿದ್ರೆ ಮಗು ಬೆಚ್ಚಗೆ ಮಲಗತ್ತೆ. ಎರಡನ್ನೂ ಬಿಡಲ್ಲ.” ಶಿಳ್ಳೆ ಮೇಲೆ ಶಿಳ್ಳೆ. ಅವಳು ಮೆಟ್ಟಿಲಿಳಿದು ಓಡಿ ಬಂದ್ಲು.

ಸರಿ, ಸರಿ. ಹಾಗೆ ನೋಡ್ಬೇಡಿ. ಆ ಡೈಲಾಗ್ ಹೊಳೆದಿದ್ದು ಮಾರನೇ ದಿನ, ಸ್ನಾನ ಮಾಡೋವಾಗ.

ನಿಜವಾಗ್ಲೂ ಆಗಿದ್ದು ಇದು. ನಾನು ಕಡ್ಡೀನ ಜೇಬೊಳಗೆ ಇನ್ನೂ ಆಳಕ್ಕೆ ತಳ್ತಿದ್ದೆ. ಸ್ವೆಟರ್ ತಗೊಳ್ಳೋಕೆ ಅಂತ ಮಗು ಎತ್ಕೊಂಡು ಬಂದಿದ್ದ ಅಕ್ಕ, ನನ್ನನ್ನೂ ಅಪ್ಪನ್ನೂ ಸಮಾಧಾನ ಮಾಡೋಕೆ ಹೋಗಿ ಮಗೂಗೆ ಅದನ್ನ ತೊಡಿಸಿದ್ಲು. ಬಿಗಿದ ಕತ್ತು, ಹಣೆ ಹತ್ರಾನೇ ನಿಂತ್ಹೋಯ್ತು. ಮಗು ಕಿರುಚ್ತು, ಗ್ಯಾರೇಜಿಗೆ ಗ್ಯಾರೇಜೇ ನಕ್ತು.

ಕಡ್ಡಿ ಮಾತ್ರ ಬಿಸಾಕ್ಲಿಲ್ಲ, ಅದು ಸತ್ಯ. ಹಳೇ ಟೈರ್ ಮೇಲೆ ಕೂತೆ. ಕತ್ತಿನ ಸುತ್ತು ಬಿಚ್ಚಿ, ಎಲ್ಲರ ಮುಂದೇನೇ ಮತ್ತೆ ಹಾಕೋಕೆ ಶುರು ಮಾಡಿದೆ. ಅಪ್ಪ ‘ಆಚೆ ನಡಿ’ ಅನ್ನೋ ಹಾಗೆ ಶಟರ್ ಅರ್ಧ ಎಳೆದ್ರು. ನಾನು ಏಳ್ಲಿಲ್ಲ.

ಅವಳು ಇಳಿದು ಬಂದ್ಲು. ಓಡಿ ಅಲ್ಲ, ನಿಧಾನಕ್ಕೆ. ಶಟರ್ ಕೆಳಗೆ ಬಗ್ಗಿ ಬಂದು ಪಕ್ಕದ ಟೈರ್ ಮೇಲೆ ಕೂತ್ಲು. ಬೆಳಿಗ್ಗೆವರೆಗೂ ಅಪ್ಪನ್ನ ‘ಓನರ್ ಸಾರ್’ ಅಂತಿದ್ದೋಳು ಅವಳು.

“ಇವನ ಕೈ ಇನ್ನೂ ಬಿಗಿ, ಮಾವ. ಜೀವನಪೂರ್ತಿ ಕಲಿಸ್ಬೇಕು. ನಾನೇ ಕಲಿಸ್ತೀನಿ.”

ಡೈಲಾಗ್ ಹೊಡೆದಿದ್ದು ಅವಳು, ಸ್ವಾಮಿ. ನಾನು ಅಳ್ತಾ ಕೂತಿದ್ದೆ. ಅಳ್ತಾ ಹಾಕಿದ ಆ ಸುತ್ತು ಅದೇನೋ ಸಡಿಲ ಬಂತು, ಮಗು ತಲೆ ಸಲೀಸಾಗಿ ತೂರ್ತು.

ಅಪ್ಪ ಶಟರ್ ಪೂರ್ತಿ ಮೇಲಕ್ಕೆತ್ತಿದ್ರು.