ಹೊನ್ನವ್ವನ ಬೆನ್ನ ಹಿಂದಿನ ಹೆಸರು

ಬಹಳ ಹಿಂದೆ, ಗಿಳಿಗಳೂ ಶ್ರುತಿ ಹಿಡಿದು ಮಾತಾಡುತ್ತಿದ್ದ ಕಾಲದಲ್ಲಿ, ಕಂಕಣಪುರ ಎಂಬ ರಾಜ್ಯವಿತ್ತು. ರಾಜಧಾನಿಯ ನಡುವೆ ನಾದಮಂಟಪ. ಮೂರು ತಲೆಮಾರಿನಿಂದ ನಲವತ್ತು ಮಂದಿಯ ವಾದ್ಯಮೇಳ ಅಲ್ಲಿ ನುಡಿಸುತ್ತಿತ್ತು. ವೀಣೆಯ ಒಂದು ತಂತಿ ಮೀಟಿದರೂ ಕೊನೆಯ ಸಾಲಿನ ಅಜ್ಜಿಗೆ ಕೇಳಿಸುತ್ತಿತ್ತು. ಆ ಅಜ್ಜಿ ಕಿವುಡಿ ಎನ್ನುವವರೂ ಇದ್ದರು.

ಮೇಳದ ಹಿಂದೆ, ಗೋಡೆಗೆ ಒರಗಿ ಕೂರುತ್ತಿದ್ದವಳು ಹೊನ್ನವ್ವ. ದೊಡ್ಡ ಕಂಚಿನ ತಾಳ ಅವಳದು. ಇಡೀ ಕಛೇರಿಗೆ ಅವಳದು ಒಂದೇ ಹೊಡೆತ, ಅದೂ ಕಟ್ಟಕಡೆಗೆ.

"ಕೂತು ಕೂತು ಬೇರು ಬಿಟ್ಟೀಯೆ ತಂಗೀ," ಎಂದು ಮೃದಂಗದ ಬೊಮ್ಮಣ್ಣ ಛೇಡಿಸುತ್ತಿದ್ದ. ಅವನು ಅವಳ ಒಡಹುಟ್ಟಿದ ಅಣ್ಣ.

ಸರದಿ ಬರುವತನಕ ಹೊನ್ನವ್ವ ಅಕ್ಕಪಕ್ಕದ ಗಾರೆಗೋಡೆಯಲ್ಲಿ ಕೊರೆದಿದ್ದ ಹೆಸರುಗಳನ್ನು ಓದುತ್ತಿದ್ದಳು. ಮಂಟಪ ಕಟ್ಟಿದವರ ಹೆಸರುಗಳು ಅವು. ಬೇರೆ ಯಾರೂ ಅತ್ತ ತಿರುಗಿ ನೋಡಿದವರಲ್ಲ.

ಒಂದು ದಿನ, ಸದ್ದುನುಂಗನೆಂಬ ಮಾಂತ್ರಿಕ ಮೂರು ತಲೆಯ ಗೂಬೆಯೇರಿ ಬಂದು ವೇದಿಕೆಯ ಮೇಲೆ ಕುಳಿತ. ಬಾಯಿ ತೆರೆದು ವಾದ್ಯಗಳ ನಾದವನ್ನೆಲ್ಲ ನುಂಗಿದ. ಮಂಟಪ ಮೂಕವಾಯಿತು.

"ಈ ಮಂಟಪಕ್ಕೆ ನಾದ ಕೊಟ್ಟವರು ಯಾರು? ಒಬ್ಬರನ್ನೂ ಬಿಡದೆ ನೆನೆದರೆ ನಾದ ನಿಮ್ಮದು. ನನ್ನ ಮಾಟದ ಕಟ್ಟಳೆ ಅದು. ತಪ್ಪಿದರೆ ಕಂಬವಾಗ್ತೀರಿ. ಮೂರು ದಿನ ಕಳೆದರೆ ಮಂಟಪ ನನ್ನದು," ಎಂದ.

ಮೊದಲ ದಿನ ವೀಣೆಯ ಶಂಭುದೇವ, "ನಮ್ಮ ಮಹಾರಾಜರ ವಂಶ," ಎಂದ. ಕಂಬವಾದ.

ಎರಡನೆಯ ದಿನ ಬೊಮ್ಮಣ್ಣ ಎದೆಯುಬ್ಬಿಸಿ, "ನಮ್ಮ ನಲವತ್ತು ಜನರ ಕೈಚಳಕ," ಎಂದ. ಅವನೂ ಕಂಬವಾದ.

ಮೂರನೆಯ ದಿನ ಹೊನ್ನವ್ವ ಕಂಬವಾದ ಅಣ್ಣನನ್ನು ಸವರಿ, ಕಣ್ಣೊರೆಸಿಕೊಂಡು, ತಾಳ ಹಿಡಿದು ನಿಂತಳು.

"ಕಲ್ಲು ಕಡಿದ ಮಾರಯ್ಯ. ತೊಲೆ ಕೆತ್ತಿದ ಸೋವಯ್ಯ. ಗಾರೆ ಅರೆದ ಲಕ್ಕವ್ವ..." ಹೀಗೆ ಮೂವತ್ತೆರಡು ಹೆಸರು ಹೇಳಿದಳು. ಗೂಬೆಯ ಆರು ಕಣ್ಣೂ ಮಿಟುಕಿದವು. ಅಷ್ಟಕ್ಕೆ ಅವಳು ಓದಿದ್ದ ಹೆಸರುಗಳು ಮುಗಿದವು.

"ಮೂವತ್ಮೂರನೆಯದು?" ಎಂದು ಸದ್ದುನುಂಗ ನಕ್ಕ.

ಅವಳು ಗೋಡೆಯತ್ತ ತಿರುಗಿದಳು. ತಾನು ಒರಗುವ ಜಾಗದಲ್ಲಿ ಗಾರೆ ಸವೆದು ನುಣ್ಣಗಾಗಿತ್ತು. ಅಕ್ಷರದ ಒಂದೆರಡು ಗೆರೆ ಮಾತ್ರ ಉಳಿದಿದ್ದವು. ಮೇಳಕ್ಕೆ ಸೇರಿದ ದಿನದಿಂದ ಅವಳು ಒರಗಿದ್ದು ಆ ಹೆಸರಿನ ಮೇಲೆಯೇ. ನಾಚಿಕೆಯಿಂದ ಅವಳು ಕುಗ್ಗಿಹೋದಳು.

"ಯಾರಪ್ಪಾ ನೀನು, ಯಾರವ್ವಾ ನೀನು, ನನಗೆ ಗೊತ್ತಿಲ್ಲ," ಎಂದು ಕೈಮುಗಿದಳು. "ನಿನ್ನ ಹೆಸರು ಅಳಿಸಿದ್ದು ನನ್ನ ಬೆನ್ನೇ. ಆದರೂ ಇಷ್ಟು ವರ್ಷ ನನ್ನನ್ನು ಒರಗಿಸಿಕೊಂಡಿದ್ದೀ. ನಿನ್ನಿಂದ ನಮ್ಮ ಬಾಳು ನಡೆಯಿತು. ಈ ಹೊಡೆತ ನಿನಗೆ."

ತಾಳ ಬಡಿದಳು. ಸದ್ದಾಗಲಿಲ್ಲ. ಅವಳ ಕಾಲು ಕಲ್ಲಾಗತೊಡಗಿತು. ಆದರೆ ಕಾಯುವುದನ್ನು ಹೊನ್ನವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾದಳು. ಕಲ್ಲು ಸೊಂಟಕ್ಕೇರಿದಾಗ ಗೋಡೆ ಉಸಿರೆಳೆದು ನುಡಿಯಿತು:

"ತಿಪ್ಪಕ್ಕ. ಗಾರೆಗೆ ನೀರು ಹೊತ್ತವಳು."

"ತಿಪ್ಪಕ್ಕಾ!" ಎಂದು ಹೊನ್ನವ್ವ ಕೂಗಿದಳು.

ಸದ್ದುನುಂಗನ ಹೊಟ್ಟೆ ಬಿರಿದು ನುಂಗಿದ್ದ ನಾದವೆಲ್ಲ ಹೊರಗೆ ಸುರಿಯಿತು. ಅವನು ಹೊಗೆಯಾಗಿ ಹೋದ. ಗೂಬೆ ಹಾರಿ ಹೋಯಿತು. ಕಂಬಗಳು ಮನುಷ್ಯರಾದವು, ಹೊನ್ನವ್ವನ ಮೈಯೇರಿದ್ದ ಕಲ್ಲೂ ಕರಗಿತು.

ಅಂದಿನಿಂದ ಕಂಕಣಪುರದಲ್ಲಿ ಕಛೇರಿ ಶುರುವಾಗುವುದೇ ಹೊನ್ನವ್ವನ ತಾಳದಿಂದ, ಮೂವತ್ಮೂರು ಹೆಸರುಗಳಿಂದ. ರಾಜ, ಮೇಳ, ಕಿವುಡಜ್ಜಿ, ಎಲ್ಲರೂ ಸುಖವಾಗಿ ಬಾಳಿದರು. ಬೊಮ್ಮಣ್ಣ ತಂಗಿಗೊಂದು ಒರಗುದಿಂಬು ಹೊಲಿಸಿಕೊಟ್ಟ. ಅವಳು ಅದನ್ನು ಪಕ್ಕಕ್ಕಿಟ್ಟು, ಗೋಡೆಯಲ್ಲಿ ಮತ್ತೆ ಕೊರೆಸಿದ ತಿಪ್ಪಕ್ಕನ ಹೆಸರು ಎಲ್ಲರಿಗೂ ಕಾಣುವಂತೆ ಒಂದು ಮೊಳ ಸರಿದು, ನೆಟ್ಟಗೆ ಕುಳಿತಳು.