ಬೆಲೀಜಿನಲ್ಲೊಂದು ಕಂಪ್ಲಿ ಹರಿಗೋಲು

ಈಟಿ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

'ಜುಯ್ಯ್...' ಅಂತ. ಹೊಸಪೇಟೆಯ ಸೊಳ್ಳೆಗೆ ಡಿಗ್ರಿ ಕೊಡಿಸಿ ಫಾರಿನ್ನಿಗೆ ಕಳಿಸಿದರೆ ಹೇಗೆ ಹಾಡುತ್ತದೋ, ಥೇಟ್ ಹಾಗೆ!

ತಲೆ ತಗ್ಗಿಸಿದೆ. ಈಟಿ ಹರಿಗೋಲಿನ ತಳಕ್ಕೆ ನಾಟಿತು. ಅದರ ಬಾಲಕ್ಕೆ ದಾರ ಕಟ್ಟಿತ್ತು. ಅತ್ತಲಿಂದ ಯಾರೋ ಎಳೆದರು. ಈಟಿ ಹೋಯಿತು... ತೂತು ಉಳಿಯಿತು.

ನೀರು ಒಳಗೆ ಬಂತು. ಕರೆಯದ ನೆಂಟನ ಹಾಗೆ. ಮೊದಲು ಇಣುಕಿತು, ಆಮೇಲೆ ಆರಾಮಾಗಿ ಕೂತಿತು.

"ಅಲುಗಾಡಿಸಬ್ಯಾಡ್ರೀ!" ದೇವಿಕಾ ಚೀರಿದಳು.

"ಈಟಿ ಬಂತವ್ವಾ!"

"ಬರ್ಲಿ! ಮೊಟ್ಟಿ ಅಲುಗಬಾರ್ದು!"

ನನ್ನ ತಲೆಗಿಂತ ಆಮೆಮೊಟ್ಟೆಗೆ ರೇಟು ಜಾಸ್ತಿ ಅನ್ನುವುದು ನನಗೆ ಅವತ್ತು ಖಚಿತವಾಯಿತು.

ಗುಡ್ಡಪ್ಪ, ನೀನು ಸಂಡೂರಿನವನು. ನಿನಗೆ ಗುಡ್ಡ ಗೊತ್ತು, ನೀರು ಗೊತ್ತಿಲ್ಲ. ಬಿಡಿಸಿ ಹೇಳುತ್ತೇನೆ, ಕೇಳು.

ಜಾಗ, ಈ ಬೆಲೀಜ್ ದೇಶ. ಕಡಲಿಗೆ ಬೆನ್ನು ಒರಗಿಸಿ ಕೂತ ಪುಟ್ಟ ದೇಶ. ಇಲ್ಲಿಯ ಜನರನ್ನೆಲ್ಲ ಬಳ್ಳಾರಿ ಪ್ಯಾಟಿಯೊಳಗೆ ಕೂರಿಸಿಬಿಡಬಹುದು! ಬೆಳಗಿನ ಬಿಸಿಲು ಚುರುಕಾಗಿತ್ತು. ಹಿನ್ನೀರಿನ ನಟ್ಟನಡುವೆ ಬಿದಿರಿನ ಹರಿಗೋಲು. ಹುಟ್ಟು ನನ್ನ ಕೈಯಲ್ಲಿ. ಎದುರಿಗೆ ಕಂಪ್ಲಿಯ ದೇವಿಕಾ, ಉಡಿ ತುಂಬಿಸಿಕೊಂಡವಳ ಹಾಗೆ ಮಡಿಲಲ್ಲಿ ಒಂದು ಬುಟ್ಟಿ ಇಟ್ಟುಕೊಂಡು. ಬುಟ್ಟಿಯಲ್ಲಿ ಮರಳು. ಮರಳಿನಲ್ಲಿ ಕಡಲಾಮೆಯ ಮೊಟ್ಟೆ.

ಹಿಂದೆ ಸ್ಪೀಡ್‌ಬೋಟು. ಒಬ್ಬ ಓಡಿಸುತ್ತಿದ್ದ. ಇನ್ನೊಬ್ಬ ಹೂವಿನ ಅಂಗಿಯವನು. ಕೈಯಲ್ಲಿ ಮೀನು ಹೊಡೆಯುವ ಈಟಿಗನ್ನು.

ಅಂಗಿಯ ತುಂಬಾ ಹೂವು. ಮುಖದ ತುಂಬಾ ಮುಳ್ಳು!

ಆಮೆಮೊಟ್ಟೆ ಕದ್ದು ಬಾರುಗಳಿಗೆ ಮಾರುವುದು ಅವನ ಕಸುಬು. ಮೊಟ್ಟೆ ಒಡೆದರೆ ವ್ಯಾಪಾರ ಹೋಯಿತು. ಅದಕ್ಕೇ ಅವನು ಬೋಟು ಗುದ್ದಿಸಿರಲಿಲ್ಲ. ಸುತ್ತು ಹಾಕುತ್ತಿದ್ದ. ಹರಿಗೋಲು ಮೆಲ್ಲಗೆ ಮುಳುಗಲಿ, ಬುಟ್ಟಿ ತಾನಾಗಿ ಕೈಗೆ ಬರಲಿ ಅಂತ.

ನಾನು? ನಾನು ಅಲ್ಲಿಗೆ ಹೋಗಿದ್ದೇ ಬೇರೆ ಕೆಲಸಕ್ಕೆ.

ನನ್ನ ಕಸುಬು ನಿನಗೆ ಗೊತ್ತು. ನಿನ್ನದೂ ಅದೇ. ಹಂಪಿಯ ಬಂಡೆಗಳಲ್ಲಿ ಕಳೆದುಹೋದ ಟೂರಿಸ್ಟನ್ನು ಹುಡುಕುವುದು. ಲೇಬರ್ ಏಜೆಂಟರು ಹಿಡಿದಿಟ್ಟ ಹುಡುಗರನ್ನು ಬಿಡಿಸಿ ತರುವುದು. ಹೊಸಪೇಟೆ ಬಸ್‌ಸ್ಟ್ಯಾಂಡಿನೆದುರು ಟೀ ಅಂಗಡಿ, ಅದರ ಮೇಲೆ ನನ್ನ ಆಫೀಸು. ಒಂದು ದಿನ ಕಂಪ್ಲಿಯ ಜಂಬಕ್ಕ ಮೆಟ್ಟಿಲು ಹತ್ತಿ ಬಂದಳು. ಹರಿಗೋಲು ಹೆಣೆಯುವ ಮನೆತನದವಳು. ಮೇಜಿನ ಮೇಲೆ ಸ್ಟೀಲಿನ ಡಬ್ಬಿ ಕುಕ್ಕಿದಳು.

"ಪಂಪೇಶ, ನನ್ನ ಮಗಳನ್ನ ಹಿಡಕೊಂಡಾರಪ್ಪೋ!"

"ಯಾರು? ದೇವಿಕಾನ್ನಾ? ಯಾರು ಹಿಡಕೊಂಡ್ರು?"

"ಬೆಲೀಜಿನವ್ರು!"

"ಅಲ್ಲೇನ್ ಮಾಡ್ತಾಳ?"

"ಹರಿಗೋಲು ಹೆಣಿಯಾದು ಕಲಿಸ್ತಾಳಂತ. ಆಮಿ ಕಾಯ್ತಾಳಂತ."

"ಸಂಬಳ?"

"ಇಲ್ಲಂತ! ಕೇಳಿದ್ರ ವಾಲಂಟೀರು ಅಂತಾಳ. ಏನ್ ರೋಗಪ್ಪಾ ಅದು?"

"ಊಟ?"

"ಅನ್ನ, ಕೆಂಪು ಕಾಳು. ದಿನಾ ಅದ! ಈ ಫೋಟೋ ನೋಡು. ಮೈತುಂಬಾ ರಾಡಿ. ಮತ್ತ ನಗಾಕತ್ಯಾಳ. ಹೊಡೆದು ನಗಸ್ಯಾರ!"

"ಪಾಸ್‌ಪೋರ್ಟು?"

ಜಂಬಕ್ಕ ದನಿ ಇಳಿಸಿದಳು. "ಅಲ್ಲೀ ಯಜಮಾನಿ ತನ್ನ ಪೆಟ್ಟಿಗ್ಯಾಗ ಇಟಗೊಂಡಾಳಂತ."

ಟೀ ಲೋಟ ಕೆಳಗಿಟ್ಟೆ.

ಸಂಬಳ ಇಲ್ಲ. ಗುರುತಿನ ಕಾಗದ ಮೇಸ್ತ್ರಿಯ ಪೆಟ್ಟಿಗೆಯಲ್ಲಿ... ತೋರಣಗಲ್ಲಿನ ಸುತ್ತ ಇಂಥ ಕೇಸು ಎಷ್ಟು ನೋಡಿದ್ದೇವೆ ನೀನೂ ನಾನೂ! ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಹೆಸರು.

ಜೀತ!

"ತರ್ತೀನಿ," ಅಂದೆ. "ಮಾತು ಕೊಟ್ಟೆ."

ದೇವಿಕಾಳ ಸೋದರಮಾವ ಲಿಂಗರಾಜನಿಗೆ ಮರಿಯಮ್ಮನಹಳ್ಳಿಯಲ್ಲಿ ಲಾರಿಗಳಿವೆ. ವಿಮಾನದ ಟಿಕೆಟ್ಟು ಅವನದು. ಡಬ್ಬಿಯಲ್ಲಿದ್ದ ಅಂಟಿನುಂಡೆ ಜಂಬಕ್ಕನದು. ಧೈರ್ಯ ಮಾತ್ರ ನನ್ನದು. ಅದೂ ಎರಡನೇ ವಿಮಾನದ ಹೊತ್ತಿಗೆ ಅರ್ಧ ಖಾಲಿ!

ಕಡಲ ದಂಡೆಯ ಆ ಕ್ಯಾಂಪಿಗೆ ಮಟಮಟ ಮಧ್ಯಾಹ್ನ ನುಗ್ಗಿದೆ. ಬಾಗಿಲಿಗೆ ಒದ್ದೆ. ಅದು ಮೊದಲೇ ತೆರೆದಿತ್ತು. ಕಾಲು ಗಾಳಿಯಲ್ಲಿ ಹೋಯಿತು, ನಾನು ನೆಲದ ಮೇಲೆ ಹೋದೆ.

ತಲೆ ಎತ್ತಿದರೆ ಒಬ್ಬಳು ಹೆಂಗಸು. ಬಂಡೆಯಂಥ ಮೈ. ಕೈಯಲ್ಲಿ ಮೊಳದುದ್ದದ ಮಚ್ಚು. ಎದುರಿಗೆ ತೆಂಗಿನಕಾಯಿ. ಇವಳೇ ಯಜಮಾನಿ, ಮಿಸ್ ಆಲ್ಮಾ. ಇವಳ ಇಂಗ್ಲಿಷು ನಮ್ಮ ಕನ್ನಡದ ತಂಗಿ, ಅರ್ಧ ಅಕ್ಷರ ನುಂಗಿಯೇ ಮಾತಾಡುವುದು. ಅದಕ್ಕೇ ಬಳ್ಳಾರಿ ಮಾತಿಗೆ ಡಬ್ ಮಾಡಿ ಹೇಳುತ್ತೇನೆ, ಕೇಳು.

"ಪಾಸ್‌ಪೋರ್ಟು ತೆಗೀ!" ಗುಡುಗಿದೆ.

"ಅಲ್ಲೈತಿ ಪೆಟ್ಟಿಗಿ. ತಗಾ."

"ಕೀಲಿ ಎಲ್ಲಿ?"

"ಕೀಲಿ ಯಾಕೋ? ಗೆದ್ಲಿಗೆ ಕೀಲಿ ತೆಗಿಯಾಕ ಬರಂಗಿಲ್ಲ."

ಪೆಟ್ಟಿಗೆ ತೆರೆದೆ. ಒಳಗೆ ಎಲ್ಲರ ಪಾಸ್‌ಪೋರ್ಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀಟಾಗಿ ಜೋಡಿಸಿತ್ತು. ಬೀಗವಿಲ್ಲ. ಕಾವಲಿಲ್ಲ. ಗೆದ್ದಲಿನಿಂದ ಉಳಿಸಲು ತಗಡಿನ ಪೆಟ್ಟಿಗೆ, ಅಷ್ಟೇ... ನನ್ನ ಜೀವಮಾನದಲ್ಲೇ ಇಷ್ಟು ಸುಲಭದ ದರೋಡೆ ನೋಡಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ದೇವಿಕಾ ಬಂದಳು. ಮೊಣಕಾಲ ತನಕ ರಾಡಿ. ಮುಖದಲ್ಲಿ ಅದೇ ಫೋಟೋದ ನಗು.

"ಪಂಪೇಶಣ್ಣಾ! ನೀವ್ಯಾಕ ಬಂದ್ರಿ ಇಲ್ಲಿಗೆ?"

"ನಿನ್ನ ಬಿಡಿಸಾಕ ಬಂದೀನವ್ವ."

"ಯಾರ ಕೈಯಿಂದ?"

ಮಿಸ್ ಆಲ್ಮಾ ಕಾಯಿ ಒಡೆದು ನೀರು ಕೊಟ್ಟಳು. ಕುಡಿದೆ.

"ಅವ್ವನಿಗೆ ಹೇಳ್ರಿ," ಅಂದಳು ದೇವಿಕಾ. "ಬೋಟಿನ ಮೋಟರ್ ಸದ್ದಿಗೆ ಆಮಿ ದಂಡೀಗೆ ಬರಂಗಿಲ್ಲ. ಹರಿಗೋಲಿಗೆ ಸದ್ದಿಲ್ಲ. ಊರಾಗ ನಾನು ಹರಿಗೋಲು ಹೆಣದ್ರ ಯಾರೂ ತಿರುಗಿ ನೋಡ್ತಿದ್ದಿಲ್ಲ. ಇಲ್ಲಿ ನನ್ನ ಟೀಚರ್ ಅಂತಾರ! ಈ ಸಲದ ಕೊನೇ ಆಮಿ ಮೊಟ್ಟಿ ಇಡ್ಲಿ, ಮರಿ ನೀರಿಗೆ ಹೋಗ್ಲಿ. ಹೊಂಡ್ತೀನಿ. ಅದಕ್ಕಿಂತ ಮೊದ್ಲು ಕರದ್ರ ಬರಂಗಿಲ್ಲ. ಒದ್ದು ಕರದ್ರೂ ಬರಂಗಿಲ್ಲ."

ಒದೆಯುವ ವಿಷಯದಲ್ಲಿ ನನ್ನ ದಾಖಲೆ ಅವತ್ತು ಚೆನ್ನಾಗಿರಲಿಲ್ಲ. ಕಾಯಲು ಒಪ್ಪಿದೆ.

ಹೀಗೆ ಆಮೆ ನನ್ನ ಬಾಸ್ ಆಯಿತು. ಅದರ ಮರಿ ನೀರು ಮುಟ್ಟಿದರೆ ಮಾತ್ರ ನನ್ನ ಮಾತು ಉಳಿಯುವುದು!

ಕೊನೇ ಆಮೆ ಬಂತು. ಮೊಟ್ಟೆ ಇಟ್ಟು ಹೋಯಿತು. ಬೆಳಗಾಗಿ ನೋಡಿದರೆ ಗೂಡಿನ ಪಕ್ಕ ಯಾರೋ ಕಡ್ಡಿ ನೆಟ್ಟಿದ್ದರು.

"ಹೂವಿನಂಗಿ," ಅಂದಳು ಮಿಸ್ ಆಲ್ಮಾ. "ಗುರ್ತು ಮಾಡಿ ಹೋಗ್ಯಾನ. ಬುಟ್ಟಿ ತರಾಕ ಹೋಗಿರ್ತಾನ. ಈಗಿಂದೀಗ ಎತ್ತಬೇಕು. ಹಿನ್ನೀರು ದಾಟಿ ನಮ್ಮ ಬೇಲಿಯೊಳಗ ಹೂಳಬೇಕು. ಮೇಲಿಂದು ಮೇಲೇ ಇರಬೇಕು, ಕೆಳಗಿಂದು ಕೆಳಗೇ. ಬೋರಲಾತೋ, ಒಳಗಿನ ಜೀವ ಹೋತು."

ಮೋಟರ್ ಬೋಟು ಎತ್ತಿ ಕುಕ್ಕುತ್ತದೆ. ಹರಿಗೋಲು ನೀರಿನ ಮೇಲೆ ತಟ್ಟೆಯ ಹಾಗೆ ಕೂರುತ್ತದೆ.

"ಹರಿಗೋಲು ನಡೆಸಾಕ ಬರ್ತೈತೇನ್ರಿ?" ದೇವಿಕಾ ಕೇಳಿದಳು.

"ಹಂಪಿ ಹೊಳಿಯಾಗ ಟೂರಿಸ್ಟರನ್ನ ಕೂರಿಸ್ಕೊಂಡು ನಡ್ಸೀನವ್ವ!"

ನಿಜ. ಆದರೆ ಪೂರ್ತಿ ಹೇಳಲಿಲ್ಲ. ಟೂರಿಸ್ಟರಿಗೆ ದಡ ಬೇಕಿಲ್ಲ. ಗಿರಗಿರ ತಿರುಗಿಸಿದರೆ ಸಾಕು, ಕೇಕೆ ಹಾಕುತ್ತಾರೆ. ನಾನು ಕಲಿತದ್ದು ತಿರುಗಿಸುವುದನ್ನು, ದಾಟಿಸುವುದನ್ನಲ್ಲ!

ಈಗ ಅರ್ಥವಾಯಿತಲ್ಲ? ಬಾ, ತೂತಿನ ಹತ್ತಿರ ಹೋಗೋಣ.

ನೀರು ಪಾದ ಮುಟ್ಟಿತ್ತು. ಬುಟ್ಟಿ ದೇವಿಕಾಳ ಮಡಿಲಲ್ಲಿ ಒಣಗಿಯೇ ಇತ್ತು. ಇನ್ನೆಷ್ಟು ಹೊತ್ತು?

"ಏನಾರ ತುರುಕ್ರೀ!"

ಸೊಂಟದ ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಜಂಬಕ್ಕನ ಡಬ್ಬಿಯಿಂದ ಉಳಿದ ಕೊನೇ ಅಂಟಿನುಂಡೆ. ಬಾಣಂತಿಯ ಸೊಂಟ ಗಟ್ಟಿಯಾಗಲಿ ಅಂತ ಮಾಡುವ ಉಂಡೆ. ಹರಿಗೋಲಿನ ತಳ ಗಟ್ಟಿಯಾಗಲಿ ಅಂತ ಯಾರೂ ಮಾಡಿದ್ದಿಲ್ಲ!

ಜಗಿದೆ. ಹಿಸುಕಿದೆ. ತೂತಿಗೆ ತುರುಕಿದೆ.

ಅಂಟಿನುಂಡೆ ಅಂಟಿಕೊಂಡಿತು.

"ಅದ್ರಾಗ ಬೆಲ್ಲ ಐತ್ರೀ!" ದೇವಿಕಾ ಅಂದಳು. "ಕರಗ್ತೈತಿ!"

"ಕರಗಾದ್ರೊಳಗ ದಾಟಬೇಕು!"

ಸ್ಪೀಡ್‌ಬೋಟು ಸುತ್ತು ಕಿರಿದು ಮಾಡಿತು. ಹೂವಿನ ಅಂಗಿ ಮತ್ತೆ ಈಟಿ ತುಂಬಿದ. "ಬುಟ್ಟಿ ಕೊಡ್ರಲೇ!"

ಆಗ ಕಂಡಿತು. ಬಲಗಡೆ ನೀರಿನ ಬಣ್ಣ ಬೇರೆ, ತಿಳಿ ಹಳದಿ. ಮರಳದಿಬ್ಬ. ಅದರ ಮೇಲೆ ಗೇಣುದ್ದ ನೀರೂ ಇಲ್ಲ ಅಂತ ಮಿಸ್ ಆಲ್ಮಾ ಹಿಂದಿನ ದಿನವೇ ತೋರಿಸಿದ್ದಳು. ಹರಿಗೋಲಿಗೆ ಗೇಣು ಬೇಡ, ಬೆರಳು ಸಾಕು. ಬೋಟಿಗೆ?

ಹುಟ್ಟು ಹಾಕಿದೆ. ದಿಬ್ಬದ ಮೇಲೆ ಜಾರಿದೆ. ನಿಂತೆ.

ಆಮೇಲೆ ನನಗೆ ಬರುವ ಒಂದೇ ವಿದ್ಯೆ ತೋರಿಸಿದೆ.

ಗಿರ್ರ್ ಅಂತ ತಿರುಗಿಸಿದೆ!

"ಏನ್ ಮಾಡಾಕತ್ತೀರೀ?!"

"ಬುಟ್ಟಿ ಮಟ್ಟ ಹಿಡೀ! ಬೋರಲಾಗಬಾರ್ದು ಅಂದಾಳ. ತಿರುಗಬಾರ್ದು ಅಂದಿಲ್ಲ!"

ಬಾಯಿ ತಾನಾಗಿ ಗೈಡಿನ ಪಾಠ ಶುರು ಮಾಡಿತು. "ವೆಲ್ಕಮ್ ಟು ಹಂಪಿ! ಲೆಫ್ಟ್ ಸೈಡ್ ಟೆಂಪಲ್! ರೈಟ್ ಸೈಡ್ ಮಂಕಿ! ಪ್ಲೀಸ್ ಡೋಂಟ್ ಫೀಡ್!"

ಹೂವಿನ ಅಂಗಿ ನಕ್ಕ. ಹುಚ್ಚರು ಸುಳಿಗೆ ಸಿಕ್ಕರು, ಬುಟ್ಟಿ ಮುಳುಗುವ ಮೊದಲೇ ಕಸಿಯಬೇಕು ಅಂದುಕೊಂಡ. ಕೈ ಬೀಸಿದ. ಬೋಟು ಫುಲ್ ಥ್ರಾಟಲ್‌ನಲ್ಲಿ ನೇರವಾಗಿ ನಮ್ಮತ್ತ...

ಖರ್ರ್‌ರ್‌ರ್!

ಬೋಟು ನಿಂತಿತು. ಹೂವಿನ ಅಂಗಿ ನಿಲ್ಲಲಿಲ್ಲ. ಹಾರಿದ. ರಾಡಿಗೆ ಮುಖ ಕೊಟ್ಟು ಬಿದ್ದ. ಅಂಗಿಯ ಹೂವಿಗೆಲ್ಲ ಗೊಬ್ಬರ ಸಿಕ್ಕಿತು!

ಎದ್ದ. ಈಟಿಗನ್ನು ಹೋಗಿತ್ತು. ಸೊಂಟದಿಂದ ಮಚ್ಚು ತೆಗೆದ. ಬೋಟು ಕಲಕಿದ ರಾಡಿನೀರು ತುಳಿಯುತ್ತಾ ಬರತೊಡಗಿದ.

ನನ್ನ ಕಾಲ ಕೆಳಗೆ ಬೆಲ್ಲ ಕರಗುತ್ತಿತ್ತು. ಹರಿಗೋಲು ಭಾರವಾಗಿ ಮರಳು ಹಿಡಿದಿತ್ತು. ಹುಟ್ಟು ಒತ್ತಿದೆ... ಅಲುಗಲಿಲ್ಲ!

"ಪಂಪೇಶಣ್ಣಾ... ಬಂದ!"

ಈ ಹಿನ್ನೀರಿನಲ್ಲಿ ಮೊಸಳೆಗಳಿವೆ, ಗುಡ್ಡಪ್ಪ. ಮೊಸಳೆ ಹೇಗೆ ಕೂಗುತ್ತದೋ ನನಗೆ ಗೊತ್ತಿಲ್ಲ. ಆದರೆ ಜಂಬಕ್ಕನ ಎಮ್ಮೆ ಗೊತ್ತು. ಕಂಪ್ಲಿಯ ಹೊಳೆಯಲ್ಲಿ ಮೂಗು ಮಾತ್ರ ಮೇಲಿಟ್ಟು, ಮೈಯೆಲ್ಲ ಮುಳುಗಿಸಿ ಅದು ಬಿಡುವ ಉಸಿರು... ಕಾಲೇಜ್ ಡೇಯಲ್ಲಿ ಅದನ್ನು ಮಾಡಿ ಪ್ರೈಜ್ ಹೊಡೆದಿದ್ದೇನೆ!

ಬಗ್ಗಿದೆ. ಬಾಯಿ ನೀರಿಗೆ ಹಚ್ಚಿದೆ.

"ಬುರ್ರ್‌ರ್... ಭೂಫ್!"

ಹೂವಿನ ಅಂಗಿ ನಿಂತ.

"ಬುರ್ರ್‌ರ್‌ರ್... ಹ್ಹೂಂಫ್!"

ನಮ್ಮ ಕಡೆಯ ಮಗುವೂ ಎಮ್ಮೆ ಅನ್ನುತ್ತಿತ್ತು. ಆದರೆ ಇಲ್ಲಿ ನೀರಿಗಿಳಿಯುವ ಎಮ್ಮೆ ಯಾರು ನೋಡಿದ್ದಾರೆ? ಅವನ ಕಣ್ಣು ಬುಟ್ಟಿ ಬಿಟ್ಟು ತನ್ನ ಕಾಲಿನ ಕಡೆ ಹೋಯಿತು. ಮಚ್ಚು ಬಿತ್ತು. ಒಂದೇ ನೆಗೆತಕ್ಕೆ ಬೋಟು ಹತ್ತಿ ಜೊತೆಗಾರನ ಕುತ್ತಿಗೆ ತಬ್ಬಿಕೊಂಡ!

ನಾನು ಇಳಿದೆ. ಹರಿಗೋಲು ತಳ್ಳಿದೆ. ದಿಬ್ಬ ದಾಟಿಸಿ ಹತ್ತಿದೆ. ದಡ ಮುಟ್ಟುವಾಗ ತೂತಿನಲ್ಲಿ ಉಳಿದದ್ದು ಒಂದು ಚೂರು ಕೊಬ್ಬರಿ. ನೀರು ದೇವಿಕಾಳ ಸೊಂಟದ ತನಕ. ಬುಟ್ಟಿ ಅವಳ ತಲೆಯ ಮೇಲೆ.

ಒಣಗಿದ ಬುಟ್ಟಿ. ಮಟ್ಟಸ ಬುಟ್ಟಿ.

ಮಿಸ್ ಆಲ್ಮಾ ಮೊಟ್ಟೆಗಳನ್ನು ಒಂದೊಂದಾಗಿ ಹೂತಳು. ಮೀನುಗಾರಿಕೆ ಇಲಾಖೆಯ ದೋಣಿ ಬಂದು ಹೂವಿನ ಅಂಗಿಯನ್ನು ಕೀಳುವ ತನಕ ಅವನು ಬೋಟಿನಿಂದ ಕಾಲು ಕೆಳಗಿಡಲಿಲ್ಲವಂತೆ.

ಮರಿ ಹೊರಬರಲು ಇನ್ನೂ ಎರಡು ತಿಂಗಳು ಅಂದರು. ಜಂಬಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

"ನಿನ್ನ ಉಂಡಿ ಇಲ್ದಿದ್ರ ಮುಳುಗ್ತಿದ್ವಿ ಜಂಬಕ್ಕ!"

"ಅದಿರ್ಲಿ. ಯಾವಾಗ ಬರ್ತೀರಿ?"

"ಮೊಟ್ಟಿ ಒಡದ ಮ್ಯಾಲ. ಅಲ್ಲೀತನ ನಾನೂ ಕಾಯ್ತೀನಿ."

"ಸಂಬಳ ಕೊಡ್ತಾರೇನು?"

"ಇಲ್ಲ."

"ನಿನ್ನ ಪಾಸ್‌ಪೋರ್ಟು ಎಲ್ಲೈತಿ?"

"ಪೆಟ್ಟಿಗ್ಯಾಗ..."

ಫೋನಿನಲ್ಲಿ ಚೀರಾಟ. "ಅಯ್ಯಯ್ಯೋ! ತಾಯಕ್ಕಾ! ನಿನ್ನ ಮಗನ್ನೂ ಹಿಡಕೊಂಡ್ರಲ್ಲೇ!"

ತಾಯಕ್ಕ ನಮ್ಮವ್ವ, ಜಂಬಕ್ಕನ ಪಕ್ಕದ ಮನೆಯವಳು. ಅವಳು ಅಳುತ್ತಾ ಸಂಡೂರಿನ ಬಸ್ಸು ಹತ್ತಿದ್ದು, ನಿನ್ನ ಬಾಗಿಲು ಬಡಿದದ್ದು, ನನ್ನನ್ನು ಜೀತದಿಂದ ಬಿಡಿಸಲು ನೀನು ತೋಳೇರಿಸಿ ಹೊರಟದ್ದು... ಎಲ್ಲ ಗೊತ್ತಾಯಿತು ಗುಡ್ಡಪ್ಪ. ಇವತ್ತು ಬೆಳಗ್ಗೆ ನೀನು ಬಾಗಿಲಿಗೆ ಒದ್ದ ರೀತಿಯನ್ನೂ ನೋಡಿದೆ. ಸೊಂಟ ಹೇಗಿದೆ? ಜಂಬಕ್ಕ ನಿನ್ನ ಕೈಯಲ್ಲಿ ಕಳಿಸಿದ ಅಂಟಿನುಂಡೆ ತಿನ್ನು.

ನಾಳೆ ದೇವಿಕಾ ಕಂಪ್ಲಿಗೆ ಹೊರಡುತ್ತಾಳೆ. ಬ್ಯಾಗು ಕಟ್ಟಿಯಾಗಿದೆ. ಜಂಬಕ್ಕನಿಗೆ ಕೊಟ್ಟ ಮಾತು ಉಳಿಯಿತು... ಇವತ್ತು ಸಂಜೆ ಒಂದು ಕೆಲಸ ಆಗಿಬಿಟ್ಟರೆ!

ಶ್‌ಶ್... ಅಗೋ, ಬೇಲಿಯೊಳಗೆ ಮರಳು ಅಲುಗಿತು.

ನೋಡು... ಒಂದು ಮೂತಿ. ಅದರ ಹಿಂದೆ ಇನ್ನೊಂದು. ಬಟ್ಟಲು ಮಗುಚಿದ ಹಾಗೆ ಪುಟ್ಟ ಬೆನ್ನು. ಬಂದವು! ದೇವಿಕಾ ಅಳುತ್ತಿದ್ದಾಳೆ. ನಾನಲ್ಲ, ನನಗೆ ಕಣ್ಣಿಗೆ ಮರಳು ಬಿದ್ದಿದೆ.

ಏಳು ಮಾರಾಯ! ಗುದ್ದಲಿ ತಗೋ, ದಾರಿಯ ಏಡಿಗಳನ್ನು ಓಡಿಸು. ಹಕ್ಕಿಗಳನ್ನು ನಾನು ನೋಡಿಕೊಳ್ಳುತ್ತೇನೆ. ನಾಳೆಯಿಂದ ಹರಿಗೋಲು ಕಲಿಸಲು ಮಿಸ್ ಆಲ್ಮಾಗೆ ಇಬ್ಬರು ಬೇಕಂತೆ.

ಏನಂದೆ? ಸಂಬಳವಾ?

ಮೊದಲು ನಿನ್ನ ಪಾಸ್‌ಪೋರ್ಟು ಎಲ್ಲಿದೆ ಹೇಳು!