ಎಡಗೈ ಗ್ಲವ್

"ನಿಮ್ಮ ಮನೇಲಿ ಯಾರಾದ್ರೂ ಕುದುರೆ ಸಾಕಿದಾರಾ?"

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರ್ ಪೆನ್ನರ್ ಲೆಸ್ಯಾಳನ್ನು ಕೇಳಿದರು.

"ನಾನೇ ಡಾಕ್ಟ್ರೇ. ಹನ್ನೊಂದಿವೆ. ಯಾಕೆ?"

"ನಿಮ್ಮ ಐವರ್ ಅವರ ಶ್ವಾಸಕೋಶದಲ್ಲಿ ರೋಡೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿದೆ. ಲಾಯದ ಮಣ್ಣಲ್ಲಿರುತ್ತೆ. ಕುದುರೆಮರಿಗಳಿಗೆ ಬರೋ ಕಾಯಿಲೆ, ಮನುಷ್ಯರಿಗೆ ತೀರಾ ಅಪರೂಪ. ಅವರಿಗೆ ಅಸ್ಥಿಮಜ್ಜೆ ಕಸಿ ಆಗಿದೆಯಲ್ಲ, ತಡ್ಕೊಳ್ಳೋ ಶಕ್ತಿ ಇಲ್ಲ. ಔಷಧಿ ಬದಲಾಯಿಸಿದೀವಿ. ಎರಡು ದಿನ ನೋಡೋಣ."

ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ? ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಕಸಿಯಾಗಿ ಎಂಬತ್ತೊಂದು ದಿನ. ಸೋಂಕಿನ ಭಯಕ್ಕೆ, ನೂರು ತುಂಬುವವರೆಗೆ ಮುತ್ತು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಲಾಯದ ಬಟ್ಟೆಗಳನ್ನು ಅವಳು ಗ್ಯಾರೇಜಿನ ಡಬ್ಬದಲ್ಲಿ ಮುಚ್ಚಿಟ್ಟು, ವಿನಿಪೆಗ್‌ನ ಆ ಚಳಿಯಲ್ಲೂ ದಿನಾ ತಲೆಗೆ ಸ್ನಾನ ಮಾಡಿಯೇ ಅವನೆದುರು ಬರುತ್ತಿದ್ದಳು. ಆದರೂ ಹೀಗಾಯಿತಲ್ಲ!

ಮಾಸ್ಕ್ ಹಾಕಿಕೊಂಡು ಕೋಣೆಯ ಬಾಗಿಲಲ್ಲೇ ನಿಂತಳು. ಐವರ್ ತುಂಬಾ ಸೊರಗಿದ್ದ. ಜ್ವರಕ್ಕೆ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ಅಲ್ಲೇ ಯಾಕೆ ನಿಂತೆ? ನಾನೇನು ಕಚ್ಚಲ್ಲ."

"ಇನ್ಮೇಲೆ ನಾನು ಬರಲ್ಲ ಐವರ್. ಇದು ನನ್ನಿಂದಲೇ ಬಂದಿದ್ದು. ಕೂದಲಲ್ಲೋ, ಉಗುರಲ್ಲೋ... ನೀನು ಬದುಕಿದ್ರೆ ಸಾಕು ನನಗೆ."

ಅವನು ಚಾವಣಿ ನೋಡಿದ. ಕಿವಿ ಕೆಂಪಾಯಿತು.

"ನಿನ್ನ ಲಾಯದ ಎಡಗೈ ಗ್ಲವ್ ಕಳೆದೋಗಿತ್ತಲ್ಲ?"

"ಈಗ ಗ್ಲವ್ ವಿಷಯ ಯಾಕೋ?"

"ಅದು ಕಳೆದಿಲ್ಲ, ಡಬ್ಬದಿಂದ ನಾನೇ ತೆಗೆದಿದ್ದೆ. ಮನೇಲಿ ನನ್ನ ದಿಂಬಿನ ಕೆಳಗಿದೆ. ಇಲ್ಲಿಗೆ ಸೇರೋ ತನಕ ಮೂರು ವಾರ ಅದನ್ನ ಕೆನ್ನೆಗಿಟ್ಕೊಂಡೇ ಮಲಗ್ತಿದ್ದೆ."

ಲೆಸ್ಯಾ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು.

"ನೀನು ಅಷ್ಟೊಂದು ಸೋಪು ಹಾಕಿ ತೊಳ್ಕೊಂಡು ಬರ್ತೀಯ. ಹತ್ತಿರ ಬಂದ್ರೆ ಆಸ್ಪತ್ರೆ ವಾಸನೆ. ಅದರಲ್ಲಿ ಮಾತ್ರ ನೀನಿದ್ದೆ ಕಣೇ."

"ಕತ್ತೆ! ಶುದ್ಧ ಕತ್ತೆ ನೀನು!" ಅಳುತ್ತಲೇ ಬೈದಳು.

"ಕತ್ತೆ ಅಲ್ಲ, ಕುದುರೆಮರಿ. ಡಾಕ್ಟ್ರೇ ಹೇಳಿದ್ರಲ್ಲ."

ಅವಳಿಗೆ ನಗು ಬಂತು. ಅವನೂ ನಗಲು ಹೋಗಿ ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ನಿಂತಾಗ ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

"ಭಯ ಆಗ್ತಿದೆ ಲೆಸ್ಯಾ. ಹೋಗ್ಬೇಡ."

ಅವಳು ಸಿಂಕಿನ ಬಳಿ ಹೋಗಿ ಮೊಣಕೈವರೆಗೆ ಉಜ್ಜಿ ತೊಳೆದಳು. ಆಸ್ಪತ್ರೆಯ ತೆಳು ಗ್ಲವ್ ಹಾಕಿಕೊಂಡು ಬಂದು ಅಂಗೈಯನ್ನು ಅವನ ಕೆನ್ನೆಗಿಟ್ಟಳು. ಕೆನ್ನೆ ಸುಡುತ್ತಿತ್ತು.

"ಇದರಲ್ಲಿ ನನ್ನ ವಾಸನೆ ಇಲ್ಲ," ಎಂದಳು.

ಐವರ್ ಕಣ್ಣು ಮುಚ್ಚಿಕೊಂಡ.

"ಪರವಾಗಿಲ್ಲ. ಇದರೊಳಗೆ ಕೈ ಇದೆ."